ಅಗ್ಗಕ್ಕೊಂದು ಕಾರಣ

ದುಬೈನಲ್ಲಿ ಓಡುತ್ತಿದ್ದ ಹಳೆಯ ಕಾರು ಲಕ್ಷ್ಮೇಶ್ವರದ ಬಜಾರಿಗೆ ಬರಲಾರದು. ಅಲ್ಲಿನ ಕಾರುಗಳ ಸ್ಟಿಯರಿಂಗ್ ಎಡಕ್ಕಿರುತ್ತದೆ. ಹೊರದೇಶದಿಂದ ಹಳೆಯ ಕಾರು ತರುವುದಾದರೆ ಸ್ಟಿಯರಿಂಗ್ ಬಲಕ್ಕೇ ಇರಬೇಕೆಂಬುದು ನಮ್ಮ ಆಮದು ನಿಯಮ. ಜಪಾನು, ಇಂಗ್ಲೆಂಡಿನ ಗಾಡಿಗಳಿಗೆ ಈ ತೊಡಕಿಲ್ಲ, ಆದರೆ ಉಳಿದ ಗಂಟುಗಳೆಲ್ಲ ಇವೆ. ತಯಾರಾಗಿ 3 ವರ್ಷ ದಾಟಿರಬಾರದು. ಇನ್ನೂ 5 ವರ್ಷ ರಸ್ತೆಗೆ ಯೋಗ್ಯ ಎಂಬ ಖಾತರಿ ಬೇಕು. ಮಂಗಳೂರು, ಚೆನ್ನೈ, ಕೊಚ್ಚಿ ಎಲ್ಲ ಬಿಟ್ಟು ಮುಂಬೈ ಬಂದರಿನಲ್ಲೇ ಇಳಿಯಬೇಕು. ಇಳಿದ ಮೇಲೆ ಸುಂಕ. ಕಾರಿನ ಬೆಲೆ ನೂರು ರೂಪಾಯಿ ಅಂದುಕೊಂಡರೆ ಕಸ್ಟಮ್ಸ್ ಸುಂಕವೇ ನೂರನ್ನು ದಾಟುತ್ತದೆ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. ಹದಿನೈದು ವರ್ಷವಾದ ಮೇಲೆ ಆರ್‌ಸಿ ನವೀಕರಿಸಲು ಸಾಧಾರಣ ಕಾರಿಗೆ 5,000 ರೂಪಾಯಿಯಾದರೆ ಆಮದು ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಆ ಮೊತ್ತಗಳನ್ನು 10,000 ಮತ್ತು 80,000ಕ್ಕೆ ಏರಿಸಲಾಯಿತು.

ಹೀಗಿರುವಾಗ ‘ಫಾರಿನ್ ಗಾಡಿ, ಕಸ್ಟಮ್ಸ್‌ನವರು ಹಿಡಿದದ್ದು, ನಾಲ್ಕು ಲಕ್ಷಕ್ಕೆ ಬಿಡ್ತಾರೆ’ ಎಂದು ಮೊಬೈಲಿಗೆ ಬರುವ ಸಂದೇಶದಲ್ಲಿ ಕಾರು ಸುಳ್ಳಾಗಿರಬೇಕು, ಇಲ್ಲವೇ ಅದರ ಕಾಗದ ಸುಳ್ಳಾಗಿರಬೇಕು. ಕಸ್ಟಮ್ಸ್ ಇಲಾಖೆ ಜಪ್ತಿ ಮಾಡಿದ ವಸ್ತುಗಳನ್ನು ಮಾರುವುದೇನೋ ನಿಜ. ಆದರೆ ಮಾರುವುದು ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಇ-ಹರಾಜಿನಲ್ಲಿ, ನೋಂದಾಯಿಸಿಕೊಂಡು ಠೇವಣಿ ಇಟ್ಟು ಕೂಗಿದವರಿಗೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿ, ಯಾರದೋ ಹೆಸರಿನ ಫೋನ್‌ಪೇಗೆ ಸಂಚಕಾರ ಹಾಕಿಸಿಕೊಂಡು ಅಲ್ಲ. ಆ ಇಲಾಖೆಯಿಂದ ಹೊರಡುವ ಪತ್ರಗಳ ಮೇಲೆ 2019ರ ನವೆಂಬರ್‌ನಿಂದ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಬಹುದು.

ಕಳ್ಳದಾರಿಯಲ್ಲಿ ಒಳಬಂದ ಗಾಡಿಗಳೇ ಇಲ್ಲವೆಂದಲ್ಲ. 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಮ್‌ಖೋರ್’ ಎಂಬ ದಾಳಿ ನಡೆಸಿದರು. ಭೂತಾನದಿಂದ ಗಡಿ ದಾಟಿಸಿ, ಸುಳ್ಳು ದಾಖಲೆಗಳ ಮೇಲೆ ದೂರದ ರಾಜ್ಯಗಳಲ್ಲಿ ನೋಂದಾಯಿಸಿ, ಆಮೇಲೆ ದಕ್ಷಿಣದಲ್ಲಿ ಮಾರಿದರೆಂಬ ಆರೋಪದ ಗಾಡಿಗಳ ಹುಡುಕಾಟ ಅದು. ಹೆಸರಾಂತ ಸಿನಿಮಾ ನಟರ ಮನೆಗಳಲ್ಲೂ ಶೋಧ ನಡೆಯಿತು. ವಕೀಲರು, ಮ್ಯಾನೇಜರುಗಳು ಇರುವ ಮನೆತನಗಳೇ ಕಾಗದ ಹಿಡಿದು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ ಕಡೆಯವರು ಜಪಾನಿನಿಂದ ಹಡಗಿನಲ್ಲಿ ಕಾರು ತರಿಸಲು ಹೋಗಿ ಮೋಸ ಹೋಗುವುದಿಲ್ಲ. ಆ ಪಾಡು ಕೀನ್ಯಾ, ಟಾಂಜಾನಿಯಾ, ಜಾಂಬಿಯಾದವರದು. ಅಲ್ಲಿ ರಸ್ತೆಯ ಮೇಲಿನ ಬಹುಪಾಲು ಕಾರು ಜಪಾನಿನಲ್ಲಿ ಒಮ್ಮೆ ಬಳಸಿದವು. ರಫ್ತುದಾರನ ಹೆಸರಿನ ನಕಲಿ ಜಾಲತಾಣ, ಬ್ಯಾಂಕಿಗೆ ಮುಂಗಡ, ಹಡಗಿಗೆ ಏರಿಸಿದ್ದೇವೆ ಎಂಬ ಸುಳ್ಳು ರಸೀದಿ, ಬಂದರಿನಲ್ಲಿ ಕಾಯುತ್ತ ಕೂತ ಕೊಳ್ಳುವವ. ನಮ್ಮ ಕಡೆ ಇದೇ ಆಟದಲ್ಲಿ ಹಡಗಿನ ಬದಲು ಬೆಂಗಳೂರಿನ ವಿಮಾನ ನಿಲ್ದಾಣ ಬರುತ್ತದೆ, ರಾಜಸ್ಥಾನದ ಕಂಟೋನ್ಮೆಂಟ್ ಬರುತ್ತದೆ, ದಿಲ್ಲಿಯ ಕರೋಲ್ ಬಾಗ್‌ನ ಹಳೆಯ ಕಾರುಗಳ ಬಜಾರು ಬರುತ್ತದೆ. ಗದಗಿನಲ್ಲಿ ಕೂತವನಿಗೆ ಇವೆಲ್ಲ ಒಂದರ್ಥದಲ್ಲಿ ಹೊರದೇಶವೇ.

ಈ ಮೋಸಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಎದ್ದು ಕಂಡದ್ದು ಕಾರಲ್ಲ. ಪ್ರತಿಯೊಂದರಲ್ಲೂ ಕಾರಿಗಿಂತ ಮೊದಲು ಇನ್ನೊಂದು ಸರಕು ಮಾರಾಟವಾಗುತ್ತದೆ: ಈ ಗಾಡಿ ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತಿದೆ ಎಂಬುದರ ಕಾರಣ. ಎರಡು ಲಕ್ಷಕ್ಕೆ ಬೊಲೆರೊ ಎಂದರೆ ಯಾರೂ ನಂಬುವುದಿಲ್ಲ. ‘ಮಿಲಿಟರಿಯವರಿಗೆ ಟ್ರಾನ್ಸ್‌ಫರ್ ಆಗೇದ, ನಾಳೆನ ಹೋಗಬೇಕು’ ಎಂದ ಕೂಡಲೇ ಅದೇ ಬೆಲೆ ನಂಬುವಂತಾಗುತ್ತದೆ. ಬೆಲೆಯ ಮೇಲಿನ ಅನುಮಾನವನ್ನು ಆ ಕಾರಣ ನುಂಗಿಹಾಕುತ್ತದೆ.

ಈ ವ್ಯಾಪಾರ ನಮ್ಮ ಸೀಮೆಗೆ ಹೊಸದೂ ಅಲ್ಲ. ದಾವಣಗೆರೆ, ಹರಪನಹಳ್ಳಿ, ಹಾವೇರಿ ಕಡೆ ನಕಲಿ ಬಂಗಾರದ ನಾಣ್ಯದ ಮೋಸ ಎಷ್ಟೋ ವರ್ಷಗಳಿಂದ ಪೊಲೀಸ್ ದಾಖಲೆಗಳಲ್ಲಿದೆ. ‘ಮನಿ ಪಾಯಾ ತಗಿಯುವಾಗ ಬಂಗಾರದ ನಾಣ್ಯ ಸಿಕ್ಕಾವು, ಸರ್ಕಾರಕ್ಕ ಗೊತ್ತಾದ್ರ ಕಸಗೊಂಡ ಹೋಗ್ತಾರ, ಅದಕ್ಕ ಕಮ್ಮಿಗೆ ಕೊಡ್ತೀವಿ’ ಎಂದು ಮೊದಲು ಒಂದು ಅಸಲಿ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗರ ಬಳಿ ಒರೆಗೆ ಹಚ್ಚಿ ನೋಡಿದರೆ ಶುದ್ಧ ಬಂಗಾರ. ಆಮೇಲೆ ಚೀಲ ತುಂಬ ಹಿತ್ತಾಳೆ. ಇಲ್ಲೂ ಮೊದಲು ಬಂದದ್ದು ಅಗ್ಗಕ್ಕೊಂದು ಕಾರಣ, ಅದರ ಬೆನ್ನಿಗೆ ಪರೀಕ್ಷೆಗೆ ನಿಲ್ಲುವ ಒಂದು ಚೂರು ಸತ್ಯ. ಹರಿಯಾಣ, ರಾಜಸ್ಥಾನದ ಮೇವಾತ್ ಸೀಮೆಯಲ್ಲೂ ಇಂಥದೇ ಚಿನ್ನದ ಇಟ್ಟಿಗೆಯ ಮೋಸವಿತ್ತು, ಅದನ್ನು ಅಲ್ಲಿ ‘ಟಟ್ಲೂ’ ಎನ್ನುತ್ತಿದ್ದರು. ಅಗ್ಗದ ಫೋನು, ಅಗ್ಗದ ಡೇಟಾ ಬಂದ ಮೇಲೆ ಆ ಸೀಮೆಯ ಕಸುಬುದಾರರು ಹಳೆಯ ವಾಹನಗಳ ಜಾಹೀರಾತಿಗೆ ಕೈಹಾಕಿದರು.

ಅವರ ಕೆಲಸದ ರೀತಿ ಹೀಗೆ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಒಂದು ಸ್ವಿಫ್ಟ್ ಡಿಸೈರ್, ಒಂದು ಬೊಲೆರೊ, ಒಂದು ಟಾಟಾ ಏಸ್. ಫೋಟೋದಲ್ಲಿ ಗಾಡಿ ತೊಳೆದಿಟ್ಟಂತಿದೆ. ಕರೆ ಮಾಡಿದರೆ ಅತ್ತಲಿನವ ಹಿಂದಿ ಮಾತಾಡುತ್ತಾನೆ. ಹಿಂದಿ ಅಷ್ಟಕ್ಕಷ್ಟೇ ಇರುವ ನಮ್ಮ ಊರುಗಳಲ್ಲಿ ಅದರಿಂದ ಅನುಮಾನ ಹುಟ್ಟಬೇಕಿತ್ತು, ಆದರೆ ಹುಟ್ಟುವುದು ನಂಬಿಕೆ: ಮಿಲಿಟರಿಯವನಲ್ಲವೇ, ಹಿಂದಿಯಲ್ಲೇ ಮಾತಾಡಬೇಕು! ತಾನೇ ಮುಂದಾಗಿ ಗುರುತಿನ ಚೀಟಿ ಕಳಿಸುತ್ತಾನೆ, ಕ್ಯಾಂಟೀನ್ ಕಾರ್ಡು ಕಳಿಸುತ್ತಾನೆ, ಸಮವಸ್ತ್ರದ ಫೋಟೋ ಕಳಿಸುತ್ತಾನೆ. ಆ ಚೀಟಿಗಳು ಬಹಳ ಸಲ ಅಸಲಿಯೇ. ಹಿಂದೊಮ್ಮೆ ಮೋಸ ಹೋದ ಯಾರೋ ನಂಬಿ ಕಳಿಸಿದ್ದವು. ಈಗ ನೀವು ಕಳಿಸುವ ಆಧಾರ್ ಫೋಟೋ ಕೂಡ ನಾಳೆ ಬಳ್ಳಾರಿಯ ಯಾರಿಗೋ ‘ಮಾಲೀಕರ ಗುರುತು’ ಆಗಿ ಹೋಗುತ್ತದೆ. ಮನೆಗೊಬ್ಬರು ಸೈನ್ಯಕ್ಕೆ ಸೇರಿದ ಹಳ್ಳಿಗಳಿರುವ ಉತ್ತರ ಕರ್ನಾಟಕದಲ್ಲಿ ಸಮವಸ್ತ್ರದವನನ್ನು ಅಡ್ಡಪ್ರಶ್ನೆ ಕೇಳುವುದೇ ಮರ್ಯಾದೆಗೇಡು ಅನ್ನಿಸುತ್ತದೆ. ಅವರು ಬಂಡವಾಳ ಮಾಡಿಕೊಂಡಿರುವುದು ಈ ಸಂಕೋಚವನ್ನೇ.

ಮೊದಲು ಕೇಳುವುದು ಕಾರಿನ ಬೆಲೆಯನ್ನಲ್ಲ. ‘ಗೇಟ್ ಪಾಸ್’ಗೆಂದು ಎರಡೋ ಮೂರೋ ಸಾವಿರ, ಅದೂ ‘ರಿಫಂಡ್’ ಆಗುವಂಥದ್ದು. ಕೊಟ್ಟ ಮೇಲೆ ಮಿಲಿಟರಿ ಟ್ರಕ್ಕಿಗೆ ಗಾಡಿ ಏರಿಸಿದ ಫೋಟೋ ಬರುತ್ತದೆ, ಸೀಲು ಹೊಡೆದ ರಸೀದಿ ಬರುತ್ತದೆ. ಮಾರನೆಯ ದಿನ ಇನ್ನೊಂದು ನಂಬರಿನಿಂದ ‘ಡೆಲಿವರಿ ಆಫೀಸರ್’ ಕರೆ: ಜಿಪಿಎಸ್ ಶುಲ್ಕ ಕಟ್ಟಿಲ್ಲ. ಆಮೇಲೆ ಇನ್ಶೂರನ್ಸ್. ಆಮೇಲೆ ಹಣ ಹಾಕಲು ತಡವಾದದ್ದಕ್ಕೆ ದಂಡ. ಕೊನೆಗೆ, ‘ಗಾಡಿ ಹುಬ್ಬಳ್ಳಿ ಬೈಪಾಸಿಗೆ ಬಂದು ನಿಂತಿದೆ, ಪೂರ್ತಿ ಹಣ ಹಾಕಿದರೆ ಸಂಜೆಯೊಳಗೆ ಮನೆ ಮುಂದೆ.’ ಹುಬ್ಬಳ್ಳಿ ಗದಗಿಗೆ 60 ಕಿಲೋಮೀಟರಿನೊಳಗಿದೆ. ಬಸ್ ಹತ್ತಿ ಹೋಗಿ ನೋಡಿ ಬರುವಷ್ಟು ಹತ್ತಿರ. ಆದರೂ ಈ ಹಂತದಲ್ಲಿ ಹೋಗುವವರು ಕಡಿಮೆ. ಅಷ್ಟರಲ್ಲಿ ಮೂವತ್ತೋ ನಲವತ್ತೋ ಸಾವಿರ ಹೋಗಿರುತ್ತದೆ, ಈಗ ಕೈಬಿಟ್ಟರೆ ಅದೆಲ್ಲ ಮುಳುಗಿದಂತೆ, ಇನ್ನೊಂದು ಕಂತು ಹಾಕಿದರೆ ಕಾರೂ ಬಂತು, ರಿಫಂಡೂ ಬಂತು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಹೋದ ಹಣದ ಬೆನ್ನು ಹತ್ತಿ ಇದ್ದ ಹಣವೂ ಹೋಗುವುದು ಇಲ್ಲೇ. ಮೋಸ ಹೋದವರನ್ನು ದಡ್ಡರೆಂದು ನಗುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೊದಲ ಕಂತಿನಲ್ಲಿ ದುಡುಕಿರಬಹುದು. ಐದನೆಯ ಕಂತು ಹಾಕಿಸಿದ್ದು ಲೆಕ್ಕಾಚಾರವೇ. ಸೇನೆ, ಯಾರೋ ಯೋಧ ಮಾರಿದ ಕಾರನ್ನು ಕೊಂಡವರ ಮನೆಗೆ ಮುಟ್ಟಿಸುವ ಕೊರಿಯರ್ ಕಂಪನಿಯಲ್ಲ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವವರು ಪಕ್ಕದಲ್ಲಿರುವುದಿಲ್ಲ.

2023ರ ಏಪ್ರಿಲ್ 27ರ ರಾತ್ರಿ ಹರಿಯಾಣ ಪೊಲೀಸರು ಮೇವಾತಿನ ನೂಹ್ ಜಿಲ್ಲೆಯಲ್ಲಿ 14 ಹಳ್ಳಿಗಳನ್ನು ಒಟ್ಟಿಗೇ ಸುತ್ತುವರಿದರು. ಸುಮಾರು 5,000 ಸಿಬ್ಬಂದಿ. ಸಿಕ್ಕ ಫೋನು, ಸಿಮ್ಮು, ಖಾತೆಗಳ ಜಾಡು ಹಿಡಿದು ಹೋದಾಗ ದೇಶದುದ್ದಕ್ಕೂ ಸುಮಾರು 28,000 ಜನರಿಗೆ 100 ಕೋಟಿ ರೂಪಾಯಿಯಷ್ಟು ವಂಚನೆಯಾದದ್ದು ತಿಳಿಯಿತೆಂದು ಪೊಲೀಸರು ಹೇಳಿದರು. ಸಿಮ್ಮುಗಳು ದೂರದ ರಾಜ್ಯಗಳವು, ಬ್ಯಾಂಕ್ ಖಾತೆಗಳು ಯಾರೋ ಬಡವರ ಹೆಸರಿನವು. ಗದಗಿನ ಠಾಣೆಯಿಂದ ಹೊರಟ ಇಬ್ಬರು ಪೊಲೀಸರು ಅಲ್ಲಿಗೆ ಹೋಗಿ ಒಬ್ಬನನ್ನು ಹಿಡಿದು ತರುವುದು ಎಷ್ಟು ಕಷ್ಟ ಎಂಬುದಕ್ಕೆ ಐದು ಸಾವಿರದ ಆ ಸಂಖ್ಯೆ ಒಂದೇ ಸಾಕು.

‘ಗಾಡಿ ಕಣ್ಣಾರೆ ನೋಡದೆ ಹಣ ಕೊಡಬೇಡಿ’ ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ನೋಡಿದವರೂ ಕಳೆದುಕೊಳ್ಳುವ ಒಂದು ಆಟವಿದೆ, ಅದರ ಜಾಣತನ ನೋಡಿದರೆ ಸಿಟ್ಟಿನ ಜೊತೆಗೆ ಬೆರಗೂ ಆಗುತ್ತದೆ.

ಲಕ್ಷ್ಮೇಶ್ವರದ ಒಬ್ಬರು ತಮ್ಮ ಎರ್ಟಿಗಾ ಐದು ಲಕ್ಷಕ್ಕೆ ಮಾರುವುದಿದೆ ಎಂದು ಜಾಹೀರಾತು ಹಾಕಿದರೆನ್ನಿ. ಎಲ್ಲೋ ಕೂತ ಮೂರನೆಯವನು ಅದೇ ಫೋಟೋಗಳನ್ನೆತ್ತಿ, ನಾಲ್ಕು ಲಕ್ಷವೆಂದು ಬರೆದು ತನ್ನ ನಂಬರಿನಲ್ಲಿ ಇನ್ನೊಂದು ಜಾಹೀರಾತು ಹಾಕುತ್ತಾನೆ. ಬೆಟಗೇರಿಯಿಂದ ಗಿರಾಕಿ ಫೋನ್ ಮಾಡುತ್ತಾರೆ. ಆತ ಗಿರಾಕಿಗೆ ಹೇಳುತ್ತಾನೆ: ‘ಗಾಡಿ ನಮ್ಮ ಕಾಕಾರ ಮನ್ಯಾಗ ಐತ್ರಿ, ಹೋಗಿ ನೋಡ್ರಿ. ಅವ್ರ ಮುಂದ ರೇಟಿನ ಮಾತು ಮಾತ್ರ ತಗೀಬ್ಯಾಡ್ರಿ, ಕಮ್ಮಿಗೆ ಕೊಟ್ಟೇನಂತ ಗೊತ್ತಾದ್ರ ಬ್ಯಾಸರ ಮಾಡ್ಕೋತಾರ.’ ಮಾಲೀಕರಿಗೆ ಹೇಳುತ್ತಾನೆ: ‘ಅಣ್ಣಾರ, ನಿಮ್ಮ ರೇಟು ನನಗ ಒಪ್ಪಿಗಿ ಐತಿ. ನಮ್ಮ ಅಳಿಯ ನೋಡಾಕ ಬರ್ತಾನ. ಅವಂಗ ನಾ ರೊಕ್ಕ ಕೊಡೋದೈತಿ, ಅದರ ಬದಲಿ ಈ ಗಾಡಿ. ಅವನ ಮುಂದ ರೇಟ್ ಹೇಳಬ್ಯಾಡ್ರಿ.’ ಇಬ್ಬರೂ ಸಭ್ಯರು, ಇಬ್ಬರೂ ಮಾತು ಉಳಿಸಿಕೊಳ್ಳುತ್ತಾರೆ. ಗಿರಾಕಿ ಗಾಡಿ ಓಡಿಸಿ ನೋಡುತ್ತಾರೆ, ಆರ್‌ಸಿ ನೋಡುತ್ತಾರೆ, ಚಹಾ ಕುಡಿಯುತ್ತಾರೆ, ಮೆಚ್ಚಿ ಅಲ್ಲಿಂದಲೇ ಮೂರನೆಯವನ ಖಾತೆಗೆ ನಾಲ್ಕು ಲಕ್ಷ ಹಾಕುತ್ತಾರೆ. ಆತನ ಫೋನು ಬಂದ್. ಕೀಲಿ ಕೇಳಿದರೆ ಮಾಲೀಕರು ‘ರೊಕ್ಕ ಎಲ್ಲೈತ್ರಿ?’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಇಬ್ಬರು ಮರ್ಯಾದಸ್ಥರು ಒಬ್ಬರನ್ನೊಬ್ಬರು ಕಳ್ಳರೆಂದು ಬೈದುಕೊಳ್ಳುತ್ತ ಠಾಣೆಯಲ್ಲಿರುತ್ತಾರೆ. ‘ಎಷ್ಟಕ್ಕ ಕೊಡ್ತೀರಿ?’ ಎಂದು ಒಬ್ಬರು ಕೇಳಿದ್ದರೆ ಮುಗಿಯುತ್ತಿತ್ತು.

ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದೆವು, ಎಲ್ಲ ತಾಳೆಯಾಯಿತು ಎನ್ನುವವರು ಇದನ್ನೂ ಗಮನಿಸಬೇಕು. ಆ್ಯಪು ಹೇಳುವುದು ಅಂಥದೊಂದು ಗಾಡಿ ಇದೆ ಎಂಬುದನ್ನು. ಫೋನಿನಲ್ಲಿ ಮಾತಾಡುತ್ತಿರುವವನು ಅದರ ಮಾಲೀಕ ಹೌದೋ ಅಲ್ಲವೋ ಎಂಬುದನ್ನಲ್ಲ. ಮಾಲೀಕರ ಹೆಸರೂ ಅದರಲ್ಲಿ ಅರ್ಧ ಮುಚ್ಚಿಯೇ ಕಾಣುತ್ತದೆ.

ಇನ್ನು ‘ದಿಲ್ಲಿ ಪಾಸಿಂಗ್’. ಅಗ್ಗಕ್ಕೆ ಕೊಡುವ ಕಾರಣಗಳಲ್ಲೆಲ್ಲ ಇದೇ ಹೆಚ್ಚು ಅಪಾಯದ್ದೆಂದು ನನಗನ್ನಿಸುತ್ತದೆ, ಏಕೆಂದರೆ ಈ ಕಾರಣ ನಿಜ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ನವೆಂಬರ್‌ನಲ್ಲಿ 15 ವರ್ಷ ದಾಟಿದ ಗಾಡಿಗಳನ್ನು, 2015ರ ಏಪ್ರಿಲ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದಿಲ್ಲಿ ಮತ್ತು ಸುತ್ತಲಿನ ರಾಜಧಾನಿ ವಲಯದ ರಸ್ತೆಗಳಿಂದ ದೂರವಿಡುವಂತೆ ಆದೇಶಿಸಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಅದಕ್ಕೆ ಬಲ ಕೊಟ್ಟಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಪೆಟ್ರೋಲು, ಡೀಸೆಲ್ಲೇ ಹಾಕಬಾರದೆಂದು ದಿಲ್ಲಿಯ ಬಂಕುಗಳಲ್ಲಿ ಕ್ಯಾಮೆರಾ ಕೂರಿಸಿದ್ದರು, ಎರಡು ಮೂರು ದಿನದಲ್ಲೇ ಆ ಪಟ್ಟು ಸಡಿಲವಾಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ವಯಸ್ಸೊಂದರ ಮೇಲೆ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದ ಹೊಗೆ ಮಾನದಂಡಗಳ ಗಾಡಿಗಳಿಗೆ ಸೀಮಿತಗೊಳಿಸಿತು. ಈ ಹತ್ತು ವರ್ಷದ ಗೊಂದಲದಲ್ಲಿ ಒಳ್ಳೆಯ ಸ್ಥಿತಿಯ ಇನೋವಾ, ಸ್ಕಾರ್ಪಿಯೊ, ಫಾರ್ಚುನರ್‌ಗಳು ದಿಲ್ಲಿಯಲ್ಲಿ ನಿಜಕ್ಕೂ ಅರ್ಧ ಬೆಲೆಗೆ ಬಿದ್ದವು. ಅಲ್ಲಿಂದ ಲಾರಿಯಲ್ಲಿ ದಕ್ಷಿಣಕ್ಕೆ ಬಂದವು. ಇಲ್ಲಿನ ಆಟೋ ಕನ್ಸಲ್ಟಂಟರೂ ತಂದರು, ರೈಲು ಹತ್ತಿ ಹೋಗಿ ಓಡಿಸಿಕೊಂಡು ಬಂದ ಹುಡುಗರೂ ತಂದರು.

ಕಾರಣ ನಿಜವಾದಾಗ ಕಾಗದ ನೋಡುವ ಕಣ್ಣು ಮಂದವಾಗುತ್ತದೆ. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಎಂದರೆ ಫಾರಂ 28. ಯಾವ ಊರಿನ ಆರ್‌ಟಿಒಗೆ ಎಂದು ಅದರಲ್ಲಿ ಬರೆದಿರುತ್ತದೆ. ಪುಣೆಗೆಂದು ಬರೆದ ಎನ್‌ಒಸಿ ಹಿಡಿದು ಕೆಎ-26 ನಂಬರ್ ಕೇಳಲು ಹೋದರೆ ಗದಗಿನ ಆರ್‌ಟಿಒ ಕಚೇರಿಯಲ್ಲಿ ಕೆಲಸವಾಗುವುದಿಲ್ಲ. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಪತ್ರ, ಫಾರಂ 35. ಇಲ್ಲಿನವರ ಮಾತಿನಲ್ಲಿ ‘ಎಚ್‌ಪಿ ಕ್ಯಾನ್ಸಲ್’. ಅದಾಗಿರದಿದ್ದರೆ ಒಂದು ಮುಂಜಾನೆ ಫೈನಾನ್ಸ್‌ನವರು ಬಂದು ಗಾಡಿ ಎಳೆದುಕೊಂಡು ಹೋಗಬಹುದು. ಹಳೆಯ ಚಲನ್‌ಗಳು ಬಾಕಿ ಇರಬಹುದು. ಇವೆಲ್ಲ ಸರಿಯಿದ್ದರೂ ಲೈಫ್ ಟ್ಯಾಕ್ಸ್ ಉಳಿದೇ ಇರುತ್ತದೆ. ಹೊಸ ಕಾರಿಗೆ ಕರ್ನಾಟಕದಲ್ಲಿ ಬೆಲೆ 5 ಲಕ್ಷದೊಳಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18, ಮೇಲೆ ಸೆಸ್. ಹೊರರಾಜ್ಯದಿಂದ ಬಂದ ಹಳೆಯ ಗಾಡಿಗೆ ವಯಸ್ಸು ನೋಡಿ ಇದನ್ನು ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಅದು ಹೊಸದಿದ್ದಾಗಿನ ಬೆಲೆಯಿಂದ, ನೀವು ದಿಲ್ಲಿಯಲ್ಲಿ ಕೊಟ್ಟ ಬೆಲೆಯಿಂದಲ್ಲ. ಐದು ಲಕ್ಷಕ್ಕೆ ಫಾರ್ಚುನರ್ ಹೊಡೆದೆ ಎಂದು ಹಿಗ್ಗಿದವರ ಮುಖ ಬಾಡುವುದು ಈ ಕೌಂಟರಿನಲ್ಲೇ.

ಹಾಗಾಗಿ ಬಹಳ ಜನ ನೋಂದಣಿ ಬದಲಿಸುವುದೇ ಇಲ್ಲ. ದಿಲ್ಲಿ ನಂಬರಿನಲ್ಲೇ ಮುಂಡರಗಿಯಿಂದ ಹಮ್ಮಿಗಿ, ಶಿರಹಟ್ಟಿಯಿಂದ ಬೆಳ್ಳಟ್ಟಿ ಓಡಾಡಿಕೊಂಡಿರುತ್ತಾರೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ದಂಡದ ಮಾತು ಇರಲಿ. ವಿಮೆ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿದಿದ್ದರೆ ಗಾಡಿ ಜಖಂ ಆದಾಗ ದುರಸ್ತಿಯ ಹಣ ಸಿಗುವುದಿಲ್ಲ. ಮಾರಿದವನಿಗೂ ಸುಖವಿಲ್ಲ. 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಕಾರು ಹಲವು ಕೈ ದಾಟಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರಿತ್ತು. ಆಮೇಲೆ ಆದ ಅಪಘಾತದ ಪರಿಹಾರದ ಹೊಣೆ ಆ ಮೊದಲಿನವನ ಮೇಲೇ ಬಿತ್ತು.

ದೊಡ್ಡ ಮನುಷ್ಯರೂ ಇದಕ್ಕೆ ಹೊರತಲ್ಲ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಯುಬಿ ಸಿಟಿ ಬಳಿ ಸಾರಿಗೆ ಅಧಿಕಾರಿಗಳು ಹಿಡಿದ ಐಷಾರಾಮಿ ಕಾರುಗಳಲ್ಲಿ ಒಂದು ರೋಲ್ಸ್ ರಾಯ್ಸ್ ಇತ್ತು, ದಾಖಲೆಯಲ್ಲಿ ಅಮಿತಾಭ್ ಬಚ್ಚನ್ ಹೆಸರು. ಅವರು 2019ರಲ್ಲೇ ಅದನ್ನು ಬೆಂಗಳೂರಿನ ಉದ್ಯಮಿಯೊಬ್ಬರಿಗೆ ಮಾರಿದ್ದರು. ಕೋಟಿಗಟ್ಟಲೆ ಬೆಲೆಯ ಗಾಡಿಗೇ ಹೆಸರು ಬದಲಿಸುವ ತುರ್ತು ಇರದಿದ್ದ ಮೇಲೆ ಮುಂಡರಗಿಯ ಹುಡುಗನನ್ನು ಯಾಕೆ ದೂರಬೇಕು ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಇದಕ್ಕಿಂತ ಕೆಟ್ಟದ್ದು ಕದ್ದ ಗಾಡಿ. ಅಪಘಾತದಲ್ಲೋ ನೆರೆಯಲ್ಲೋ ಪೂರ್ತಿ ಹಾಳಾದ ಕಾರನ್ನು ವಿಮಾ ಕಂಪನಿ ಗುಜರಿ ಬೆಲೆಗೆ ಹರಾಜು ಹಾಕುತ್ತದೆ. ಅದನ್ನು ಕೊಳ್ಳುವ ಕೆಲವರಿಗೆ ಬೇಕಾದದ್ದು ಕಬ್ಬಿಣವಲ್ಲ, ಅದರ ಜೊತೆಗೆ ಬರುವ ಆರ್‌ಸಿ. ಅದೇ ಮಾಡೆಲ್ಲಿನ, ಅದೇ ಬಣ್ಣದ ಇನ್ನೊಂದು ಕಾರು ಕದ್ದು, ಅದರ ಚಾಸಿ ನಂಬರ್ ಉಜ್ಜಿ ಸತ್ತ ಕಾರಿನ ನಂಬರ್ ಕೆತ್ತಿದರೆ ಕಾಗದದಲ್ಲಿ ಎಲ್ಲವೂ ಸಕ್ರಮ. ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಮೂರು ತಯಾರಕರ ಗುರುತು: ಮಾರುತಿಗೆ ಎಂಎ3, ಹುಂಡೈಗೆ ಎಂಎಎಲ್, ಟಾಟಾಗೆ ಎಂಎಟಿ, ಮಹೀಂದ್ರಾಗೆ ಎಂಎ1. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಎಲ್ಲೂ ಬರುವುದಿಲ್ಲ. ಒಂದು, ಸೊನ್ನೆ ಎಂದು ತಪ್ಪಾಗಿ ಓದಿಯಾರೆಂದು ಅವನ್ನು ಕೈಬಿಟ್ಟಿದ್ದಾರೆ. ನಂಬರ್ ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತಿದೆಯೇ, ಬಣ್ಣ ಹೊಸದಾಗಿ ಬಳಿದಿದೆಯೇ ಎಂದು ಅನುಭವಿ ಮೇಸ್ತ್ರಿ ಬೆರಳಾಡಿಸಿಯೇ ಹೇಳಬಲ್ಲ. ನೆರೆಯಲ್ಲಿ ಮುಳುಗಿದ ಕಾರನ್ನೂ ಆತ ಹಿಡಿಯುತ್ತಾನೆ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ತುದಿಯಲ್ಲಿ ಮಣ್ಣಿನ ಕಲೆ ಹುಡುಕುತ್ತಾನೆ, ಸ್ಟೆಪ್ನಿ ಇಡುವ ಗುಂಡಿಯ ತುಕ್ಕು ನೋಡುತ್ತಾನೆ. 2015ರ ಡಿಸೆಂಬರ್‌ನ ಚೆನ್ನೈ ನೆರೆ, 2018ರ ಕೇರಳದ ನೆರೆಗಳಲ್ಲಿ ಸಾವಿರಾರು ಕಾರು ಮುಳುಗಿದವು. ಅಂಥವು ಮುಳುಗಿದ ಊರಿನಲ್ಲೇ ಮಾರಾಟವಾಗುವುದಿಲ್ಲ. ಕದ್ದ ಗಾಡಿಯ ವಿಷಯದಲ್ಲಿ ಕಾನೂನು ಕಟುವಾಗಿದೆ. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ, ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೂ. ಗಾಡಿ ಮೂಲ ಮಾಲೀಕನಿಗೋ ಅವನ ವಿಮಾ ಕಂಪನಿಗೋ ಹೋಗುತ್ತದೆ, ಕೊಂಡವ ತಾನು ಕಳ್ಳಮಾಲೆಂದು ಗೊತ್ತಿದ್ದು ಕೊಂಡದ್ದಲ್ಲವೆಂದು ಹೇಳಿಕೊಳ್ಳುತ್ತ ಓಡಾಡಬೇಕು.

ಹಳೆಯ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಮಾಲೀಕರಿಂದ ಗಾಡಿ ತಮ್ಮ ಕೈಗೆ ಬಂದ ಕೂಡಲೇ ಫಾರಂ 29ಸಿ ಮೂಲಕ ತಿಳಿಸಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಳ್ಳೆಯ ನಿಯಮ. ರಸ್ತೆಬದಿಯ ಕನ್ಸಲ್ಟಂಟರ ಹತ್ತಿರ ಆ ಪತ್ರ ತೋರಿಸಿ ಎಂದು ಕೇಳಿದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ನಮ್ಮವರಿಗೆ ಪರೀಕ್ಷೆ ಮಾಡಲು ಬರುವುದಿಲ್ಲ ಎಂದರೆ ನಂಬುವುದು ಕಷ್ಟ. ಎತ್ತಿನ ಸಂತೆಗೆ ಹೋದ ಇದೇ ರೈತರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ದಲ್ಲಾಳಿ ಟವೆಲ್ಲಿನ ಅಡಿ ಬೆರಳು ಹಿಡಿದು ಬೆಲೆ ಕೂಗಿದರೂ ನಾಲ್ಕು ಸಲ ಕೈ ಕೊಡವಿ ಎದ್ದು ಬರುತ್ತಾರೆ. ಜೊತೆಗೆ ಊರಿನ ಇಬ್ಬರು ಹಿರಿಯರು ಇದ್ದೇ ಇರುತ್ತಾರೆ. ಅದೇ ಮನೆಯ ಮಗ, ಹೆಸರು ಮಾರಿದ ದುಡ್ಡೋ ಉಳ್ಳಾಗಡ್ಡಿಯ ದುಡ್ಡೋ ಖಾತೆಗೆ ಬಂದ ವಾರ, ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿಕೊಂಡೇ ಒಬ್ಬನೇ ಕಾರಿಗೆ ಸಂಚಕಾರ ಹಾಕುತ್ತಾನೆ. ಯಾಕೆ ಒಬ್ಬನೇ? ಅತ್ತಲಿನವ ‘ಇನ್ನೂ ಇಬ್ಬರು ಕೇಳ್ತಿದಾರೆ, ಯಾರಿಗೂ ಹೇಳಬೇಡಿ’ ಎಂದಿರುತ್ತಾನೆ. ಕಾರಣ ಅಷ್ಟೇ ಅಲ್ಲ. ಅಗ್ಗಕ್ಕೆ ಸಿಕ್ಕ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಆಮೇಲೆ ಬೆಲೆ ಹೇಳಿ ಊರನ್ನು ಬೆರಗುಗೊಳಿಸುವ ಆಸೆಯೂ ಇರುತ್ತದೆ. ಮೋಸ ಹೋದ ಮೇಲೂ ಅದೇ ಗುಟ್ಟು ಮುಂದುವರಿಯುತ್ತದೆ. ಅಪ್ಪನಿಗೆ ಗೊತ್ತಾಗಬಾರದು, ಹೆಂಡತಿಗೆ ಗೊತ್ತಾಗಬಾರದು ಎಂದು ಎರಡು ದಿನ ಕಳೆಯುತ್ತಾನೆ.

ಆ ಎರಡು ದಿನವೇ ಹಣವನ್ನು ಕಳೆಯುವುದು. ಮೋಸದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಹತ್ತಾರು ಖಾತೆಗಳಿಗೆ ಹಂಚಿಹೋಗಿ ಕೆಲವೇ ತಾಸುಗಳಲ್ಲಿ ಎಟಿಎಂಗಳಿಂದ ನಗದಾಗಿ ಹೊರಬೀಳುತ್ತದೆ. 1930 ಸಹಾಯವಾಣಿಗೆ ಕರೆ ಮಾಡಿ ಹಣ ಹೋದ ಖಾತೆ, ಯುಟಿಆರ್ ಎಂಬ ವರ್ಗಾವಣೆಯ ಸಂಖ್ಯೆ, ಹೊತ್ತು ಹೇಳಿದರೆ ಆ ಸರಪಳಿಯಲ್ಲಿ ಇನ್ನೂ ಉಳಿದ ಮೊತ್ತವನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ಮೊದಲ ತಾಸಿನಲ್ಲಿ ಮಾಡಿದ ಕರೆಗೂ ಮೂರನೆಯ ದಿನದ ಕರೆಗೂ ಇರುವ ಅಂತರ ಇದರಲ್ಲೇ ಇದೆ. ಕರೆಯ ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಗದಗಿನ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲೋ ಹತ್ತಿರದ ಠಾಣೆಯಲ್ಲೋ ಎಫ್‌ಐಆರ್. 2024ರ ಜುಲೈ 1ರ ನಂತರದ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ 318, 319ನೇ ಕಲಂಗಳು, ಜೊತೆಗೆ ಐಟಿ ಕಾಯ್ದೆಯ 66ಡಿ. ತಡೆಹಿಡಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಬಹಳ ಸಲ ಕೋರ್ಟಿಗೆ ಅರ್ಜಿ ಹಾಕಿ ಆದೇಶ ತರಬೇಕಾಗುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಸಿಟ್ಟಿನಲ್ಲಿ ಅಳಿಸಿಹಾಕಿದವರಿಗೆ ಈ ಹಂತದಲ್ಲಿ ತೋರಿಸಲು ಏನೂ ಇರುವುದಿಲ್ಲ.

ಕೆಲವು ವಾರಗಳ ನಂತರ ಇನ್ನೊಂದು ಕರೆ ಬರಬಹುದು. ‘ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಫೈಲ್ ಚಾರ್ಜ್ ಕಟ್ಟಿ’ ಎಂದು ವಕೀಲನ ಹೆಸರಿನಲ್ಲಿ, ಪೊಲೀಸ್ ಅಧಿಕಾರಿಯ ಹೆಸರಿನಲ್ಲಿ, ಸೈಬರ್ ತಜ್ಞನ ಹೆಸರಿನಲ್ಲಿ. ಎಷ್ಟು ಹೋಗಿತ್ತು, ಯಾವ ದಿನ ಹೋಗಿತ್ತು, ಯಾವ ಗಾಡಿಗೆ ಎಂಬುದೆಲ್ಲ ಆತನಿಗೆ ಗೊತ್ತಿರುತ್ತದೆ, ಏಕೆಂದರೆ ಮೋಸ ಹೋದವರ ಪಟ್ಟಿಯೂ ಕೈಯಿಂದ ಕೈಗೆ ಮಾರಾಟವಾಗುವ ಸರಕೇ. 1930ಕ್ಕೆ ಕರೆ ಮಾಡಲಿಕ್ಕಾಗಲಿ, ಠಾಣೆಯಲ್ಲಿ ದೂರು ಬರೆಸಲಿಕ್ಕಾಗಲಿ ಒಂದು ಪೈಸೆ ಶುಲ್ಕವಿಲ್ಲ.